ಎಡಗೈ ಸಡಿಲಾದ ಕುರ್ಚಿ

ನಮ್ಮ ಮನೆಯ ಆರಾಮ ಕುರ್ಚಿಗೆ ಎರಡು ಕೈಗಳಿವೆ. ಬಲಗೈ ತಂದ ದಿನ ಹೇಗಿತ್ತೋ ಈಗಲೂ ಹಾಗೇ ಗಟ್ಟಿಯಾಗಿದೆ. ಎಡಗೈ ಮಾತ್ರ ವರ್ಷ ತುಂಬುವುದರೊಳಗೆ ಅಲುಗಾಡತೊಡಗಿತು. ಬೆನ್ನು ಹಿಂದಕ್ಕೆ ಹೋಗಲು ಎಳೆಯಬೇಕಾದ ಹಿಡಿಕೆ ಇರುವುದು ಬಲಗಡೆ. ನಾನು ಚಹಾದ ಬಟ್ಟಲು ಇಡುವುದು, ಪೇಪರು ಇಡುವುದು, ಸಿಟ್ಟು ಬಂದಾಗ ಗುದ್ದುವುದು ಎಲ್ಲ ಬಲಗೈ ಮೇಲೆಯೇ. ಅಂದಮೇಲೆ ಸವೆಯಬೇಕಾದದ್ದು ಒಂದು, ಸವೆದದ್ದು ಇನ್ನೊಂದು. ಇದು ಯಾಕೆ ಹೀಗಾಯಿತು ಎಂದು ಬೆನ್ನು ಹತ್ತಿ ಹೋಗಿ ನಾನು ಕಂಡುಕೊಂಡ ಸಂಗತಿ ನನಗೇನೂ ಹಿತವಾದದ್ದಲ್ಲ. ಆದರೂ ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಕಡಿಯುತ್ತದೆ.

ನಾನು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಹೆಗಲಿಗೆ ಹಾಕಿಕೊಂಡ ಚೀಲವನ್ನು ಕೂದಲು ಬೆಳ್ಳಗಾದ ಮೇಲೆಯೇ ಇಳಿಸಿದ್ದು. ಇಳಕಲ್ಲಿನಿಂದ ಹುನಗುಂದ, ಅಮೀನಗಡ ಹಾದು ಬಾದಾಮಿ; ಕೆಲವು ವರ್ಷ ಅದರಾಚೆ ಕುಳಗೇರಿ ಕ್ರಾಸ್. ಕಂಡಕ್ಟರಿಗೂ ಒಂದು ಸೀಟು ಉಂಟೆಂದು ನಿಯಮದಲ್ಲಿದೆ. ಆದರೆ ನನ್ನ ಸೀಟಿನ ಮೇಲೆ ಸದಾ ಒಂದು ಜೋಳದ ಚೀಲವೋ, ಬಾಣಂತಿಯೋ, ಕಾಲು ಮುರಿದ ಹಿರಿಯರೋ ಇರುತ್ತಿದ್ದರು. ಹೀಗೆ ಒಂದು ಜನ್ಮವೆಲ್ಲ ಬೇರೆಯವರನ್ನು ಕೂಡಿಸಿ ಕೂಡಿಸಿ, ನಾನು ನಿಂತೇ ಇದ್ದೆ. ಮೀನಖಂಡದ ನರಗಳು ನೂಲಿನ ಲಡಿ ಸಿಕ್ಕಾದಂತೆ ಗಂಟುಗಂಟಾದವು. ನನ್ನ ಬಸ್ಸಿನ ಡ್ರೈವರ್ ಮಹಬೂಬಸಾಬ ಕೂತೇ ಇದ್ದವನು. ಅವನ ಬೆನ್ನು ಹೋಯಿತು. ನಿವೃತ್ತಿಯಾದ ಮೇಲೆ ನಾವಿಬ್ಬರೂ ಒಂದೇ ಓಣಿಯಲ್ಲಿ ಉಳಿದೆವು, ಇಬ್ಬರ ದೇಹ ಕೂಡಿಸಿದರೆ ಒಂದು ಸರಿಯಾದ ಮನುಷ್ಯ ಆಗಬಹುದು ಎಂಬಂತೆ.

ಕುರ್ಚಿ ಬಂದದ್ದು ನನ್ನ ಕಾಲಿನ ಸಲುವಾಗಿ ಅಲ್ಲ. ಇದನ್ನು ಮೊದಲೇ ಹೇಳಬೇಕು. ನಮ್ಮಾಕಿ, ಅಂದರೆ ನನ್ನ ಹೆಂಡತಿ ಗಂಗವ್ವನ ಮಣಕಾಲು ಬಾತು, ನೆಲಕ್ಕೆ ಕೂತರೆ ಏಳಲಾರದಂತಾದಾಗ, ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಫೋಟೋ ತೆಗೆಸಿ ನೋಡಿ, ಆಕೆಗೆ ಹೇಳಬೇಕಾದ್ದನ್ನು ನನಗೆ ಹೇಳಿದರು: “ನೋಡ್ರಿ, ಇವರು ಇನ್ನ ನೆಲಕ್ಕ ಕುಂದರಬಾರ್ದು. ಕುರ್ಚಿ ಮ್ಯಾಲ ಕುಂದರಬೇಕು. ಆಗಾಗ ಕಾಲು ಎತ್ತರಕ್ಕ ಇಟಗೊಂಡು ಆರಾಮ ಮಾಡಬೇಕು.” ದವಾಖಾನೆಯಿಂದ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಒಂದು ದೊಡ್ಡ ಫರ್ನಿಚರ್ ಅಂಗಡಿ ಇತ್ತು. ಗಾಜಿನ ಹಿಂದೆ ಈ ಕುರ್ಚಿ ಕಾಲು ಚಾಚಿಕೊಂಡು ಮಲಗಿತ್ತು. ಅಲ್ಲೇ ಒಳಗೆ ಹೋದೆವು.

ಅಂಗಡಿಯವನು ಅದಕ್ಕೆ ಬೇರೆ ಹೆಸರು ಹೇಳಿದ, ರಿಕ್ಲೈನರ್. “ಅವ್ವಾರ, ಕುಂತು ನೋಡ್ರಿ” ಎಂದ. ನಾಲ್ಕು ಜನ ಗಂಡಸರು ನೋಡುತ್ತಿದ್ದಾಗ ಅಂಗಡಿಯಲ್ಲಿ ಕಾಲು ಮೇಲೆತ್ತಿ ಮಲಗುವುದೆಂದರೇನು! ನಮ್ಮಾಕಿ ಸೆರಗು ಸರಿಪಡಿಸಿಕೊಂಡು ನನ್ನ ಹಿಂದೆ ಸರಿದು, “ನೀವ ಕುಂತು ನೋಡ್ರಿ. ನನಗ ತಿಳೀತತಿ” ಎಂದಳು. ನಾನು ಕೂತೆ. ಹಿಡಿಕೆ ಎಳೆದೆ. ಖಟ್ ಎಂದು ಕಾಲ ಹಲಗೆ ಮೇಲೆ ಬಂತು, ಬೆನ್ನು ಹಿಂದಕ್ಕೆ ಹೋಯಿತು, ನನ್ನ ನರಗಳಲ್ಲಿದ್ದ ಇಷ್ಟು ವರ್ಷದ ಇಳಕಲ್‌-ಬಾದಾಮಿ ರಸ್ತೆಯೆಲ್ಲ ಹರಿದು ಹೋದಂತಾಯಿತು. ಅವತ್ತು ಕೂತವನು ನಾಲ್ಕು ವರ್ಷ ಏಳಲಿಲ್ಲ.

ಹೊಸ ಕುರ್ಚಿಯ ಸುಖ ಬೇರೆ, ಹಳೆಯದರ ಸುಖ ಬೇರೆ. ಹೊಸದಿದ್ದಾಗ ಅದು ನಮ್ಮನ್ನು ಅತಿಥಿಯಂತೆ ನಡೆಸಿಕೊಳ್ಳುತ್ತದೆ. ಬೆನ್ನು ನೆಟ್ಟಗೆ, ತಲೆ ನೆಟ್ಟಗೆ. ಆರು ತಿಂಗಳಾದ ಮೇಲೆ ಸಲಿಗೆ ಬೆಳೆಯುತ್ತದೆ. ಸ್ಪಂಜು ನನ್ನ ಕುಂಡಿಯ ಅಳತೆಯನ್ನು ಕಲಿತುಕೊಂಡು ಅಷ್ಟೇ ಜಾಗದಲ್ಲಿ ತಗ್ಗಾಯಿತು. ತಲೆ ಇಡುವಲ್ಲಿ ಕೊಬ್ಬರಿ ಎಣ್ಣೆ ಕುಡಿದು ರೆಕ್ಸಿನ್ ಕರ್ರಗೆ ಮಿಂಚತೊಡಗಿ, ಮುಂದಿನ ಬೇಸಿಗೆಗೆ ಬಿರಿಯಿತು. ಬೇಸಿಗೆಯೆಂದರೆ ನಮ್ಮ ಊರಿನದು. ರೆಕ್ಸಿನ್ನು ಬೆನ್ನಿಗೆ ಅಂಟಿಕೊಂಡು, ಎದ್ದರೆ ಚರ್ಮ ಕಿತ್ತು ಬಂದಂತೆ ಸಪ್ಪಳ. ನಮ್ಮಾಕಿ ಅದರ ಮೇಲೆ ತಾನು ಹೊಲಿದ ಒಂದು ಕೌದಿ ಹಾಸಿದಳು. ಅವಳ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿ. ಅದರ ಮೇಲೂ ನಾನೇ ಮಲಗಿದೆ.

ಬಾಳಿಕೆಯ ವಿಷಯದಲ್ಲಿ ನನಗೆ ಒಂದು ಅಭಿಪ್ರಾಯವಿದೆ. ಅಂಗಡಿಯವರು ಗ್ಯಾರಂಟಿ ಕೊಡುವುದು ಸ್ಪ್ರಿಂಗಿಗೆ, ಕಬ್ಬಿಣಕ್ಕೆ. ಕೆಡುವುದು ಅವಲ್ಲ. ಕೂತವನು ಮೊದಲು ಕೆಡುತ್ತಾನೆ. ಮಧ್ಯಾಹ್ನ ನಿದ್ದೆ ಹೊಡೆದು ರಾತ್ರಿ ಜಂತಿ ಎಣಿಸುವುದು ಶುರುವಾಯಿತು. ಕೂತಲ್ಲೇ ನೀರು, ಕೂತಲ್ಲೇ ತಿನ್ನಲು ಚುನಮುರಿ, ಕೂತಲ್ಲೇ ಕನ್ನಡಕ. “ಏನ, ಇಲ್ಲಿ ಬಾ” ಎಂದರೆ ಆಕೆ ಬರುತ್ತಿದ್ದಳು. ಕುಂಟುತ್ತ ಬರುತ್ತಿದ್ದಳು, ಆದರೆ ಒರಗಿದವನಿಗೆ ಕಾಣುವುದು ಮಾಳಿಗೆ ಮಾತ್ರ.

ಬಾದಾಮಿಯಲ್ಲಿ ಬಸ್ಸಿಗೆ ಎರಡು ತಾಸು ಬಿಡುವು ಇರುತ್ತಿದ್ದ ದಿನಗಳಲ್ಲಿ ನಾನೂ ಮಹಬೂಬನೂ ನೆರಳು ಹುಡುಕಿಕೊಂಡು ಗುಹೆಗಳಿಗೆ ಹೋಗಿ ಕೂಡುತ್ತಿದ್ದೆವು. ಅಲ್ಲೊಬ್ಬ ವಿಷ್ಣು ಹಾವಿನ ಸುರುಳಿಯ ಮೇಲೆ ಕೂತಿದ್ದಾನೆ, ತಲೆಯ ಮೇಲೆ ಹೆಡೆ. ಹಿಂದೆ ಒರಗಲಿಕ್ಕೆ ಇದೆ, ಮೇಲೆ ನೆರಳಿದೆ, ಬೇಕೆಂದಾಗ ಬಿಚ್ಚಿ ಮಲಗಬಹುದು. ಆರಾಮ ಕುರ್ಚಿಯೆಂಬುದು ನಿನ್ನೆ ಮೊನ್ನೆಯ ಸಂಶೋಧನೆಯಲ್ಲ. ಕಲ್ಲಿನದಾದ್ದರಿಂದ ಬಾಳಿಕೆಯೂ ಚೆನ್ನಾಗಿದೆ, ಸ್ಪಂಜು ತಗ್ಗಾಗುವ ಚಿಂತೆಯಿಲ್ಲ. ಐಹೊಳೆಯ ಒಂದು ಗುಡಿಯಲ್ಲಿ ಅವನೇ ಉದ್ದಕ್ಕೆ ಮಲಗಿರುವುದನ್ನೂ ನೋಡಿದ್ದೇನೆ. ಕಾಲ ಹತ್ತಿರ ಲಕ್ಷ್ಮಿ. ಹಾವು ಅಷ್ಟು ಉದ್ದ ಇದೆ, ಅಷ್ಟು ಸುತ್ತು ಇದೆ, ಆದರೂ ಆಕೆಗೆ ಒರಗಲು ಒಂದು ಸುತ್ತು ಕೊಟ್ಟಿಲ್ಲವಲ್ಲ ಎಂದು ನನಗೆ ಆಗ ಹೊಳೆದಿರಲಿಲ್ಲ. ಕಲ್ಲು ಕಡೆದವನೂ ಗಂಡಸು, ನೋಡುವವನೂ ಗಂಡಸು.

ಇರಲಿ, ಎಡಗೈಗೆ ಬರೋಣ. ಅಲುಗಾಡುವ ಕೈಯನ್ನು ನಾನು ಪಾನಾ ಹಾಕಿ ಬೋಲ್ಟು ಬಿಗಿ ಮಾಡಿದೆ. ತಿಂಗಳಿಗೆ ಮತ್ತೆ ಸಡಿಲು. ಮತ್ತೆ ಬಿಗಿ ಮಾಡಿದೆ, ಮತ್ತೆ ಸಡಿಲು. ಬಾಗಲಕೋಟೆಯ ಅಂಗಡಿಗೆ ಫೋನ್ ಮಾಡಿ ಜೋರು ಮಾಡಿದೆ. ಅತ್ತಲಿಂದ ಒಬ್ಬ, “ಅಜ್ಜಾರ, ಅದು ಕೈ ಇಡಲಿಕ್ಕ ಐತ್ರಿ. ಅದರ ಮ್ಯಾಲ ಯಾರರೆ ಭಾರ ಹಾಕತಾರೇನು ನೋಡ್ರಿ” ಎಂದ.

“ಮನ್ಯಾಗ ಇರಾವರ ಇಬ್ಬರು. ಯಾರು ಹಾಕತಾರೋ ತಮ್ಮಾ ಭಾರಾ?” ಎಂದು ಬೈದು ಫೋನ್ ಇಟ್ಟೆ.

ಮಹಬೂಬ ಬಂದು ನೋಡಿ ತನ್ನದೇ ತೀರ್ಪು ಕೊಟ್ಟ. “ಲೇ ಕಂಡಕ್ಟರಾ, ನೀ ನಿದ್ದ್ಯಾಗ ಎಡಕ್ಕ ಜೋತು ಬೀಳತಿ. ಬಸ್ಸಿನ್ಯಾಗ ನಿಂತು ನಿದ್ದಿ ಮಾಡೋವಾಗನೂ ಎಡಕ್ಕ ವಾಲತಿದ್ದಿ. ನಾ ಕನ್ನಡ್ಯಾಗ ನೋಡೇನಿ.”

“ನೀ ರಸ್ತಾ ನೋಡೂದು ಬಿಟ್ಟು ನನ್ನ ನೋಡತಿದ್ದೇನಲೇ?”

“ರಸ್ತಾದಾಗ ಏನೈತಿ ನೋಡೂವಂಥಾದ್ದು, ಬರೇ ತಗ್ಗು.”

ಒಳಗಿನಿಂದ ನಮ್ಮಾಕಿ ನಕ್ಕಿದ್ದು ಕೇಳಿಸಿತು. ಎಡಗೈ ಯಾಕೆ ಸಡಿಲಾಗುತ್ತದೆಂದು ಆಕೆಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಊಟವಾಗಿ ನಾನು ಒರಗಿದ್ದೆ. ಕರೆಂಟು ಹೋಗಿ ಫ್ಯಾನು ನಿಂತು ನಿದ್ದೆ ಹತ್ತಿರಲಿಲ್ಲ, ತಲೆ ಎಡಕ್ಕೆ ಹೊರಳಿಸಿ ಕಣ್ಣು ಅರೆಮುಚ್ಚಿದ್ದೆ. ನನ್ನ ಎಡಕ್ಕೆ ನೆಲದ ಮೇಲೆ, ಕುರ್ಚಿಯ ಬದಿಗೆ ಬೆನ್ನು ಹಚ್ಚಿ ನಮ್ಮಾಕಿ ಕೂತಿದ್ದಳು. ದಿನಾ ಕೂಡುವುದು ಅಲ್ಲೇ. ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಕೆಲಸ ಮುಗಿಯಿತು. ಮೊರ ಸರಿಸಿದಳು. ಒಂದು ಅಂಗೈ ನೆಲಕ್ಕೆ ಊರಿದಳು, ಒಂದು ಮಣಕಾಲು ಮಡಚಿದಳು, ತಡೆದಳು, ಉಸಿರು ತೆಗೆದುಕೊಂಡಳು. ಆಮೇಲೆ ಇನ್ನೊಂದು ಕೈ ಕುರ್ಚಿಯ ಎಡಗೈ ಮೇಲೆ ಬಂತು. “ಬೀರಪ್ಪಾ, ನಮ್ಮಪ್ಪಾ” ಎಂದು ದೇವರನ್ನು ಮೆಲ್ಲಗೆ ಕರೆಯುತ್ತ, ನನಗೆ ಎಚ್ಚರವಾಗದ ಹಾಗೆ, ಇಡೀ ಭಾರವನ್ನು ಅದರ ಮೇಲೆ ಹಾಕಿ ಮೇಲಕ್ಕೆ ಎದ್ದಳು. ಕುರ್ಚಿ ಒಮ್ಮೆ ಎಡಕ್ಕೆ ಬಾಗಿ ಮತ್ತೆ ತನ್ನ ಜಾಗಕ್ಕೆ ಬಂತು.

ಆ ತೂಗು ನನಗೆ ಹೊಸದಲ್ಲ. ದಿನಾ ಮಧ್ಯಾಹ್ನ ಅರೆನಿದ್ದೆಯಲ್ಲಿ ಅಂಥದೊಂದು ಸಣ್ಣ ತೂಗು ಬರುತ್ತಿತ್ತು, ತೊಟ್ಟಿಲನ್ನು ಯಾರೋ ಒಮ್ಮೆ ಮುಟ್ಟಿ ಬಿಟ್ಟ ಹಾಗೆ. ಅದು ಕುರ್ಚಿಯ ಗುಣ ಎಂದು ನಾನು ತಿಳಿದಿದ್ದೆ. ಮಹಬೂಬನ ಮುಂದೆ ಹೊಗಳಿದ್ದೂ ಉಂಟು. ಆಕೆಯ ಮಣಕಾಲಿನ ನೋವು ನನ್ನನ್ನು ತೂಗುತ್ತಿತ್ತು, ನಾನು ನಾಲ್ಕು ವರ್ಷ ಸುಖವಾಗಿ ತೂಗಿಸಿಕೊಂಡಿದ್ದೆ.

ಇಷ್ಟಾದರೂ ನನಗೆ ನಾಚಿಕೆ ಬಂದದ್ದು ತಕ್ಷಣ ಅಲ್ಲ. ಸಂಜೆ ಬಿಸಿಲಿನಲ್ಲೇ ಸ್ಟ್ಯಾಂಡಿನ ಕಡೆ ತಿರುಗಾಡಲು ಹೋದಾಗ ಒಬ್ಬ ಹೊಸ ಕಂಡಕ್ಟರ್ ಬಸ್ಸಿನೊಳಗೆ ಒದರುತ್ತಿದ್ದ: “ಏಳ್ರಿ ಯಜಮಾನ್ರ, ಅದು ಹೆಣ್ಣುಮಕ್ಕಳ ಸೀಟು.” ಆ ಯಜಮಾನರು ಕಿಟಕಿಯ ಹೊರಗೆ ನೋಡುತ್ತಿದ್ದರು, ಕಿವಿ ಕೇಳದವರಂತೆ. ನಾನೂ ಎಷ್ಟು ಸಾರಿ ಇದೇ ಮಾತು ಒದರಿದ್ದೇನೆ! ಕುಳಗೇರಿ ಕ್ರಾಸಿನಲ್ಲಿ ಎಂಥೆಂಥ ದೊಡ್ಡ ಮೀಸೆಯವರನ್ನು ರಟ್ಟೆ ಹಿಡಿದು ಎಬ್ಬಿಸಿದ್ದೇನೆ! ಈಗ ಆ ಕಿಟಕಿಯಲ್ಲಿದ್ದ ಮುಖ ನೋಡಿದಾಗ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದೆ.

“ಗಂಗವ್ವ, ಇನ್ನ ಮ್ಯಾಲ ಕುರ್ಚ್ಯಾಗ ನೀ ಕುಂದ್ರು” ಎಂದೆ.

ಆಕೆ ನನ್ನ ಹಣೆ ಮುಟ್ಟಿ ನೋಡಿದಳು. “ಬಿಸಲಾಗ ಅಡ್ಡಾಡಿ ಬಂದೀರಿ. ನೀರು ಕುಡೀರಿ.”

“ಖರೆ ಹೇಳ್ತೇನಿ. ಡಾಕ್ಟರು ನಿನಗ ಹೇಳಿದ್ದು. ಕಾಲು ಎತ್ತರಕ್ಕ ಇಟಗೊಂಡು—”

“ತಲಿ ಐತೇನ್ರಿ ನಿಮಗ? ತಲಬಾಗಿಲಿಗೆ ಕಾಲು ಚಾಚಿ ಹೆಣ್ಣಮಗಳು ಪಡಸಾಲ್ಯಾಗ ಮಲಗೂದಾ? ಓಣಿ ಮಂದಿ ಹಾದು ಹೋಗೂವಾಗ ಮದಲ ನನ್ನ ಅಂಗಾಲು ನೋಡಬೇಕಾ?”

ಅದು ಖರೆ. ಕುರ್ಚಿಯನ್ನು ನಾನು ಬಾಗಿಲಿಗೆ ಮುಖ ಮಾಡಿ ಇಟ್ಟಿದ್ದೆ, ಹೋಗಿಬರುವವರಿಗೆ ಕಾಣಲಿ ಎಂದು. ಕಾಲು ಎತ್ತುವ ಕುರ್ಚಿಯನ್ನು ಕಾಲು ತೋರಿಸಬಾರದ ಜಾಗದಲ್ಲಿ ಇಟ್ಟು, ಆಕೆ ಯಾಕೆ ಕೂಡುವುದಿಲ್ಲವೆಂದರೆ ಆಕೆಗೆ ನೆಲವೇ ಇಷ್ಟ ಎಂದು ತೀರ್ಮಾನ ಮಾಡಿಕೊಂಡಿದ್ದೆ. ನಾಲ್ಕು ವರ್ಷ ನನ್ನ ಅಂಗಾಲು ಓಣಿಗೆಲ್ಲ ದರ್ಶನ ಕೊಟ್ಟಿದ್ದವು. ಯಾರೂ ಏನೂ ಅಂದಿರಲಿಲ್ಲ.

ಮರುದಿನ ಮಹಬೂಬನನ್ನು ಕರೆದೆ. ಇಬ್ಬರೂ ಕೂಡಿ ಕುರ್ಚಿ ತಿರುಗಿಸತೊಡಗಿದೆವು. ಬಾಗಿಲಿಗೆ ಬೆನ್ನು ಮಾಡಿದರೆ ಕಾಲು ದೇವರ ಜಗಲಿಗೆ ಬಂತು. “ಬ್ಯಾಡ್ರಿ” ಎಂದಳು ಒಳಗಿನಿಂದ. ದಕ್ಷಿಣಕ್ಕೆ ಕಾಲು ಮಾಡಿದರೆ ತಲೆ ಉತ್ತರಕ್ಕೆ ಬಂತು. ಅದು ಹೆಣ ಮಲಗಿಸುವ ರೀತಿ. ಉಳಿದದ್ದು ಉತ್ತರದ ಗೋಡೆ. ಅಲ್ಲಿ ನಮ್ಮ ಅವ್ವನ ಫೋಟೋ.

“ನಮ್ಮತ್ತಿ ಕಡೆ ಕಾಲು ಮಾಡಲೇನು? ಅಕಿ ಇದ್ದಾಗ ಎದುರಿಗೆ ಚಾಪಿ ಮ್ಯಾಲೂ ಕುಂತಾಕಿ ಅಲ್ಲ ನಾನು” ಎಂದಳು ನಮ್ಮಾಕಿ.

ಮಹಬೂಬ ಬೆವರು ಒರೆಸಿಕೊಂಡು, “ವೈನಿ, ಹಂಗಾರ ಉಳಿದದ್ದು ಒಂದ ದಿಕ್ಕು. ಕುರ್ಚಿನ್ನ ಅಡ್ಡ ಕೆಡವಿ ಕಾಲು ಮಾಳಿಗಿಗೆ ಮಾಡೂದು” ಎಂದ. ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ನಾಲ್ಕೂ ದಿಕ್ಕು ನನ್ನ ಕಾಲಿಗೆ ತೆರೆದಿದ್ದವು, ಆಕೆಯ ಕಾಲಿಗೆ ಒಂದೂ ಇಲ್ಲ. ಇದೇ ಮನೆಗೆ ಆಕೆ ಸೊಸೆಯಾಗಿ ಬಂದು, ಈಗ ನೆರೆತ ಕೂದಲಿನ ಯಜಮಾನಿ.

ಕೊನೆಗೆ ಹೊಳೆದದ್ದು ನಡುಮನೆ. ಅಡಿಗೆಮನೆಗೂ ಹಿತ್ತಲಿಗೂ ನಡುವೆ ಒಂದು ಕೋಣೆ, ಹಿಂದೆ ಜೋಳದ ಚೀಲ ಇಡುತ್ತಿದ್ದದ್ದು. ಅಲ್ಲಿ ಹೊರಗಿನವರು ಬರುವುದಿಲ್ಲ. ಆದರೆ ಹಳೆಯ ಮನೆಯ ಬಾಗಿಲು, ಸಣ್ಣದು, ಕುರ್ಚಿ ತೂರಲಿಲ್ಲ. ಹಿಂದಿನ ಬಟ್ಟೆ ಎತ್ತಿ ಎರಡು ಕೊಂಡಿ ತೆಗೆದರೆ ಬೆನ್ನು ಕಳಚಿ ಬರುತ್ತದೆಂದು ಮಹಬೂಬ ಕಂಡುಹಿಡಿದ. ಬೆನ್ನನ್ನು ಅವನು ಹೊತ್ತ, ತನ್ನ ಬೆನ್ನು ಹೋದದ್ದನ್ನು ಮರೆತು. ಕೆಳಗಿನ ಭಾಗ ಎತ್ತಿದಾಗ ಅದರಡಿಯಿಂದ ನಾಲ್ಕು ವರ್ಷದ ಬಾಳು ಹೊರಬಿತ್ತು: ಬಲಗಡೆ ಚುನಮುರಿ, ನನ್ನ ಒಂದು ಹಣಿಗೆ, ಪೆನ್ನಿನ ಟೊಪ್ಪಿಗೆ. ಎಡಗಡೆ ಬರೀ ಹಸಿರು ಬಳೆಯ ಚೂರು. ಎಷ್ಟು ಸಾರಿ ಏಳುವಾಗ ತಾಗಿ ಒಡೆದಿದ್ದವೋ. ಮಹಬೂಬ ಅವನ್ನು ನೋಡಿದ, ನನ್ನನ್ನು ನೋಡಿದ. ಹೋಗಿ ಕಸಬರಿಗೆ ತಂದು ಕೊಟ್ಟ. ಅವನು ಏನಾದರೂ ಬೈದಿದ್ದರೆ ಚೆನ್ನಾಗಿತ್ತು.

ನಡುಮನೆಯಲ್ಲಿ ಕಾಲ ದಿಕ್ಕಿಗೆ ಬಂದದ್ದು ಬಚ್ಚಲು. ಬಚ್ಚಲಿಗೆ ಕಾಲು ಚಾಚಿದರೆ ಯಾವ ದೇವರಿಗೂ ಯಾವ ಅತ್ತೆಗೂ ಬೇಸರವಿಲ್ಲ. ಎಡಗೈಯ ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿ, “ಕುಂದ್ರು” ಎಂದೆ.

ಆಕೆ ಕೂತಳು. ಹೇಗೆಂದರೆ, ಮುಂದಿನ ಸ್ಟಾಪಿಗೆ ಇಳಿಯುವ ಪ್ಯಾಸೆಂಜರಿನಂತೆ, ಅಂಚಿನ ಮೇಲೆ, ಸೆರಗು ಹಿಡಿದುಕೊಂಡು. ಸ್ವಲ್ಪ ಹೊತ್ತಿಗೆ ಎದ್ದುಬಿಟ್ಟಳು. “ಇದರಾಗ ನೀವ ಇದ್ದೀರಿ” ಎಂದಳು. ಏನು ಅಂತ ನೋಡಿದರೆ, ಸ್ಪಂಜಿನ ತಗ್ಗು. ನನ್ನ ಅಳತೆಗೆ ಬಿದ್ದ ಕುಣಿಯಲ್ಲಿ ಆಕೆ ಮುಳುಗುತ್ತಿದ್ದಳು, ಸೊಂಟಕ್ಕೆ ಆಸರೆ ಸಿಗುತ್ತಿರಲಿಲ್ಲ. ಬಾಳಿಕೆ ಎಂದು ಇಷ್ಟು ದಿನ ನಾನು ಲೆಕ್ಕ ಹಾಕಿದ್ದೆಲ್ಲ ನನ್ನೊಬ್ಬನ ಬಾಳಿಕೆ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಆ ತಗ್ಗಿಗೆ ತುಂಬಿದೆ. ತನ್ನವೇ ಸೀರೆಗಳ ಮೇಲೆ ಆಕೆ ಮತ್ತೆ ಕೂತಳು. ಈ ಸಲ ಬೆನ್ನು ಹಿಂದಕ್ಕೆ ಹೋಯಿತು.

ಮೊದಮೊದಲು ನಾನು ಮನೆಯಲ್ಲಿದ್ದರೆ ಕೂಡುತ್ತಿರಲಿಲ್ಲ; ಇಲ್ಲದಾಗ ಕೂತರೂ ಕಾಲಹಲಗೆ ಎತ್ತುತ್ತಿರಲಿಲ್ಲ. ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಎದ್ದು ನಿಲ್ಲುತ್ತಿದ್ದಳು. ಅದಕ್ಕೇ ನಾನು ಚಪ್ಪಲಿಯನ್ನು ಓಣಿಯಲ್ಲೇ ಕಳಚಿ ಕೈಯಲ್ಲಿ ಹಿಡಿದು ಬರತೊಡಗಿದೆ. ನೋಡಿದವರು ಏನು ತಿಳಿದುಕೊಂಡರೋ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಸಾಕಾಗಿದೆ. ಅದರಲ್ಲಿ ನಿದ್ದೆ ಬರುವುದಿಲ್ಲ, ಹೀಗಾಗಿ ರಾತ್ರಿ ಬರುತ್ತದೆ. ಈಗ ನಮ್ಮಾಕಿಗೆ ಒಂದೇ ತೊಂದರೆ. ಎತ್ತಿದ ಕಾಲಹಲಗೆಯನ್ನು ಕೆಳಗೆ ಒತ್ತುವಷ್ಟು ಬಲ ಆಕೆಯ ಕಾಲಿಗಿಲ್ಲ. “ಏನ್ರಿ, ಇದನ್ನ ಇಳಸ್ರಿ ಬರ್ರಿ” ಎಂದು ಕರೆಯುತ್ತಾಳೆ. ನಾನು ಎಲ್ಲಿದ್ದರೂ ಹೋಗುತ್ತೇನೆ. ಹೀಗೆ ಇಳಿಸುವಾಗಲೇ ಒಮ್ಮೆ ಆಕೆಯ ಅಂಗಾಲನ್ನು ಹತ್ತಿರದಿಂದ ನೋಡಿದೆ, ಬೇಸಿಗೆಯ ಎರೆಹೊಲದಂತೆ ಬಿರಿದದ್ದು. ಲಗ್ನವಾಗಿ ಇಷ್ಟು ಕಾಲವಾದರೂ ನೋಡಿರಲಿಲ್ಲ. ನನ್ನ ಎದುರಿಗೆ ಆಕೆ ಯಾವತ್ತೂ ಕಾಲು ಚಾಚಿ ಕೂತವಳೇ ಅಲ್ಲ.

ಮೊನ್ನೆ ಮಧ್ಯಾಹ್ನ ಮೂಲೆಮನೆಯ ನಾಗಮ್ಮ ದೊಡ್ಡವ್ವ ಮೊಮ್ಮಗಳ ಲಗ್ನದ ಕರೆಯೋಲೆ ಹಿಡಿದು ಬಂದಳು. ನಮ್ಮಲ್ಲಿ ಮನೆಯ ಹೆಣ್ಣುಮಗಳಿಗೆ ಕುಂಕುಮ ಹಚ್ಚದೆ ಕರೆದರೆ ಅದು ಕರೆದಂತಲ್ಲ. “ಗಂಗವ್ವನ್ನ ಕರೀಪಾ” ಎಂದಳು. ನಾನು ಬಗ್ಗಿ ನೋಡಿದೆ. ನಮ್ಮಾಕಿ ಕಾಲು ಮೇಲೆ ಮಾಡಿ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು.

“ದೊಡ್ಡವ್ವ, ಅಕಿ ಕುಂತಾಳ” ಎಂದೆ.

ಮುದುಕಿ ನನ್ನ ಮುಖ ನೋಡಿದಳು. ಗಂಡಸರು ಕೂತಿದ್ದಾರೆಂದರೆ ಬಂದವರು ಕಾಯುತ್ತಾರೆ. ಹೆಣ್ಣುಮಗಳು ಕೂತಿದ್ದಾಳೆಂದು ಯಾರಾದರೂ ಕಾದದ್ದು ಆಕೆ ಕೇಳಿರಲಿಲ್ಲ. ಆಮೇಲೆ, “ಕುಂತಾಕಿನ್ನ ಯಾಕ ಎಬ್ಬಸೂದು? ನನಗ ಕಾಲು ಇಲ್ಲೇನು?” ಎನ್ನುತ್ತ ಕುಂಕುಮದ ಬಟ್ಟಲು ಹಿಡಿದು ಸೀದಾ ನಡುಮನೆಗೆ ನಡೆದಳು.

ನಮ್ಮಾಕಿ ಎಚ್ಚತ್ತು ಗಾಬರಿಯಾಗಿ ಏಳಲು ನೋಡಿದಳು. ಹಲಗೆ ಇಳಿಯಲಿಲ್ಲ. “ಏನ್ರಿ!” ಎಂದು ಕೂಗಿದಳು. ನಾನು ಓಡಿ ಹೋಗಿ ಬಗ್ಗಿದೆ. ದೊಡ್ಡವ್ವ ಮೊಣಕೈಯಿಂದ ನನ್ನನ್ನು ಸರಿಸಿ, “ಇರಲಿ ಬಿಡವ್ವಾ, ಏಳಬ್ಯಾಡ” ಎಂದು ತಾನೇ ಬಾಗಿ ಒರಗಿದವಳ ಹಣೆಗೆ ಕುಂಕುಮ ಹಚ್ಚಿದಳು. ನಮ್ಮಾಕಿಯ ಮುಖದಲ್ಲಿ ನಾಚಿಕೆಯೂ ಇತ್ತು, ಇನ್ನೊಂದು ಏನೋ ಇತ್ತು. ಕಾಲು ಮಾತ್ರ ಮೇಲೆಯೇ ಇದ್ದವು.

ನಾನು ಚಹಾಕ್ಕಿಡಲು ಅಡಿಗೆಮನೆಗೆ ಹೋದೆ. ನೀರು ಇಟ್ಟೆ, ಪುಡಿ ಹಾಕಿದೆ. ಸಕ್ಕರೆ ಡಬ್ಬಿ ಯಾವುದು ಎಂದು ಕೇಳಲು ಬಾಯಿ ತೆರೆದೆ. ಕೇಳಿದರೆ ಆಕೆ ದೊಡ್ಡವ್ವನ ಕೈಲಿ ಹಲಗೆ ಇಳಿಸಿಕೊಂಡು ಎದ್ದು ಬಂದುಬಿಡುತ್ತಾಳೆ. ಬಾಯಿ ಮುಚ್ಚಿಕೊಂಡು, ಸಪ್ಪಳವಾಗದ ಹಾಗೆ, ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದೆ.